ಎತ್ತಿಕೊಂಡು ಹೋಗುತ್ತೇವೆ ಎನ್ನಬೇಡಿ, ಬಾಗಿಲಿನ ಅಳತೆ ಹೇಳಿ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,
ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ,
ಹಾಗೂ ಈ ಮೂರು ಜಿಲ್ಲೆಗಳ ಹೋಟೆಲ್, ಲಾಡ್ಜ್, ಯಾತ್ರಿ ನಿವಾಸಗಳ ಮಾಲೀಕರಿಗೆ

ಮಾನ್ಯರೇ,

ನಾನು ಬೆಳಗಾವಿಯ ಟಿಳಕವಾಡಿಯಲ್ಲಿರುವ ಪ್ರೌಢಶಾಲಾ ಶಿಕ್ಷಕಿ. ಮನೆಯಲ್ಲಿ ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು ಮತ್ತು ಅತ್ತೆ ಇದ್ದೇವೆ. ನಮ್ಮ ಮನೆಯವರು ಸಿವಿಲ್ ಇಂಜಿನಿಯರ್. ಹೆದ್ದಾರಿಯಲ್ಲಿ ನಡೆದ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆದರೂ ಕೆಲಸ ಬಿಟ್ಟವರಲ್ಲ. ಬ್ರೇಕು, ಆಕ್ಸಿಲರೇಟರ್ ಎರಡನ್ನೂ ಕೈಯಿಂದಲೇ ನಡೆಸುವಂತೆ ಕಾರನ್ನು ಮಾರ್ಪಡಿಸಿಕೊಂಡು ತಾವೇ ಓಡಿಸುತ್ತಾರೆ. ಗಾಲಿಕುರ್ಚಿಯಿಂದ ಕಾರಿನ ಸೀಟಿಗೆ, ಮಂಚಕ್ಕೆ, ಕಮೋಡಿಗೆ ಯಾರ ಕೈಯನ್ನೂ ಹಿಡಿಯದೆ ಜರುಗಿಕೊಳ್ಳುತ್ತಾರೆ. ಮನೆಯಲ್ಲಿ ಅವರಿಗೆ ಯಾರ ಸಹಾಯವೂ ಬೇಕಿಲ್ಲ. ರಜೆಗೆಂದು ಮನೆ ಬಿಟ್ಟು ಹೊರಟ ದಿನ ಮಾತ್ರ ಅವರು ಪರಾಧೀನರಾಗುತ್ತಾರೆ. ಅದಕ್ಕೆ ಕಾರಣ ಅವರ ಕಾಲುಗಳಲ್ಲ, ವಸತಿಗೃಹಗಳ ಬಚ್ಚಲಿನ ಬಾಗಿಲು.

ಈ ಪತ್ರ ಆ ಬಾಗಿಲಿನ ಕುರಿತಾದದ್ದು. ದೇವಸ್ಥಾನಗಳ ಮೆಟ್ಟಿಲು, ಊರಿನ ಫುಟ್‌ಪಾತ್, ಬಸ್ ನಿಲ್ದಾಣ ಇವೆಲ್ಲದರ ಬಗ್ಗೆಯೂ ಬರೆಯುವುದು ಬೇಕಾದಷ್ಟಿದೆ. ಆದರೆ ರಾತ್ರಿ ತಂಗಲು ಜಾಗವಿದ್ದರೆ ಉಳಿದ ತೊಂದರೆಗಳನ್ನು ಹಗಲಿನಲ್ಲಿ ಹೇಗೋ ಎದುರಿಸಬಹುದು. ತಂಗಲು ಜಾಗವೇ ಇಲ್ಲದಿದ್ದರೆ ಪ್ರವಾಸದ ಮಾತೇ ಏಳುವುದಿಲ್ಲ. ಬೆಳಗಾವಿಯಿಂದ ಬಾದಾಮಿಗೆ ಹೋಗಿ, ಐಹೊಳೆ, ಪಟ್ಟದಕಲ್ಲು ನೋಡಿ, ಕೂಡಲಸಂಗಮಕ್ಕೆ ಕೈಮುಗಿದು, ಆಲಮಟ್ಟಿ ದಾಟಿ ವಿಜಯಪುರ ಮುಟ್ಟಬೇಕೆಂದರೆ ನಡುವೆ ಎರಡು ಕಡೆಯಾದರೂ ತಂಗಲೇಬೇಕು. ಮಕ್ಕಳಿರುವ, ವಯಸ್ಸಾದವರಿರುವ ಯಾವ ಕುಟುಂಬವೂ ಇದನ್ನು ಒಂದೇ ದಿನದಲ್ಲಿ ಮುಗಿಸುವುದಿಲ್ಲ.

ಪ್ರವಾಸಕ್ಕೆ ಮೊದಲು ನಾನು ಫೋನ್ ಹಿಡಿದು ಕೂರುತ್ತೇನೆ. ಕೊಠಡಿ ಕಾಯ್ದಿರಿಸುವ ಆ್ಯಪ್‌ಗಳಲ್ಲಿ ಗಾಲಿಕುರ್ಚಿಯ ಸಣ್ಣ ಚಿತ್ರದ ಮುಂದೆ ಟಿಕ್ ಗುರುತು ಇರುತ್ತದೆ. ಹೋಟೆಲಿಗೆ ಫೋನ್ ಮಾಡಿ ವಿಚಾರಿಸಿದರೆ ಆ ಗುರುತನ್ನು ಯಾರು ಹಾಕಿದರು, ಏನನ್ನು ನೋಡಿ ಹಾಕಿದರು ಎಂಬುದು ಅಲ್ಲಿರುವವರಿಗೇ ತಿಳಿದಿರುವುದಿಲ್ಲ. ಒಬ್ಬರು “ನೆಲಮಹಡಿಯಲ್ಲೇ ರೂಮ್ ಕೊಡುತ್ತೇವೆ ಮೇಡಂ” ಎನ್ನುತ್ತಾರೆ. ಇನ್ನೊಬ್ಬರು “ವೆಸ್ಟರ್ನ್ ಟಾಯ್ಲೆಟ್ ಇದೆ” ಎನ್ನುತ್ತಾರೆ. ಮತ್ತೊಬ್ಬರು “ಲಿಫ್ಟ್ ಇದೆ” ಎನ್ನುತ್ತಾರೆ. ಹೋಗಿ ನೋಡಿದರೆ ಲಿಫ್ಟ್ ಇರುವುದು ನಿಜ, ಆದರೆ ಅದರ ಬಾಗಿಲನ್ನು ಮುಟ್ಟಲು ರಸ್ತೆಯಿಂದ ನಾಲ್ಕಾರು ಮೆಟ್ಟಿಲು ಹತ್ತಬೇಕು. ನಮ್ಮ ಕಡೆ ಹಲವು ಕಟ್ಟಡಗಳಲ್ಲಿ ಅಂಗಡಿ ಮಳಿಗೆಗಳನ್ನು ರಸ್ತೆಯ ಮಟ್ಟಕ್ಕಿಂತ ಕೆಳಗೆ ಇಳಿಸಿ, ಲಾಡ್ಜಿನ ಸ್ವಾಗತ ಕೋಣೆಯನ್ನು ಅವುಗಳ ನೆತ್ತಿಯ ಮೇಲೆ ಕಟ್ಟುತ್ತಾರೆ. ಅವರು ನೆಲಮಹಡಿ ಎಂದು ಕರೆಯುವುದು ನಮಗೆ ಅರ್ಧ ಮಹಡಿಯ ಎತ್ತರ.

ಬಚ್ಚಲಿನ ಬಾಗಿಲು ಎಷ್ಟು ಅಗಲವಿದೆ ಎಂದು ಕೇಳಿದ ಕೂಡಲೇ ಫೋನಿನ ಆ ತುದಿಯಲ್ಲಿ ಮಾತು ನಿಲ್ಲುತ್ತದೆ. ಆಮೇಲೆ ಬಹುತೇಕ ಎಲ್ಲ ಕಡೆಯಿಂದ ಬರುವ ಉತ್ತರ ಒಂದೇ: “ಏನೂ ಚಿಂತೆ ಮಾಡಬೇಡಿ ಮೇಡಂ, ನಮ್ಮ ಹುಡುಗರಿದ್ದಾರೆ, ಎತ್ತಿಕೊಂಡು ಹೋಗುತ್ತಾರೆ.”

ಈ ಮಾತನ್ನು ಹೇಳುವವರು ಒಳ್ಳೆಯವರು. ಮನಸ್ಸಿನಿಂದಲೇ ಹೇಳುತ್ತಾರೆ. ನಮ್ಮ ಉತ್ತರ ಕರ್ನಾಟಕದ ಜನರಿಗೆ ಬಂದವರನ್ನು ಆದರಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ಕೈಮುಗಿದು ಕೇಳಿಕೊಳ್ಳುತ್ತೇನೆ, ದಯವಿಟ್ಟು ಈ ಮಾತನ್ನು ಬಿಟ್ಟುಬಿಡಿ. ಏಕೆ ಎಂಬುದನ್ನು ನಮ್ಮ ಮನೆಯವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಚಳಿಗಾಲದ ರಜೆಯಲ್ಲಿ ಹೀಗೇ ಭರವಸೆ ಕೊಟ್ಟ ಒಂದು ಹೋಟೆಲಿಗೆ ಹೋದೆವು. ಅದರ ಹೆಸರು, ಊರು ಇಲ್ಲಿ ಬೇಡ. ಕೊಠಡಿ ಚೆನ್ನಾಗಿತ್ತು, ಹಾಸಿಗೆ ಶುಭ್ರವಾಗಿತ್ತು. ಬಚ್ಚಲಿಗೆ ಕಿರಿದಾದ ಪಿವಿಸಿ ಬಾಗಿಲು, ಅದರ ಬುಡದಲ್ಲಿ ಗ್ರಾನೈಟಿನ ಎತ್ತರದ ಹೊಸ್ತಿಲು. ಗಾಲಿಕುರ್ಚಿ ಚೌಕಟ್ಟಿಗೆ ತಾಗಿ ನಿಂತಿತು. ಇಬ್ಬರು ಹುಡುಗರು ಬಂದರು. ಊಟದ ಹಾಲ್‌ನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ನಮ್ಮ ಮನೆಯವರನ್ನು ಅದರಲ್ಲಿ ಕೂರಿಸಿ, ಒಬ್ಬನು ಮುಂದೆ, ಒಬ್ಬನು ಹಿಂದೆ ಹಿಡಿದು ಒಳಗೆ ಸಾಗಿಸಿದರು. ಒದ್ದೆ ಟೈಲ್ಸ್ ಮೇಲೆ ಕುರ್ಚಿಯ ಕಾಲು ಜಾರಿತು. ಹುಡುಗರು ಗಾಬರಿಯಾದರೂ ಹಿಡಿತ ಬಿಡಲಿಲ್ಲ, ಯಾರೂ ಬೀಳಲಿಲ್ಲ. ಸದ್ಯ ಎಂದುಕೊಂಡೆವು. ರಾತ್ರಿ ಹೊದಿಕೆ ಸರಿಪಡಿಸುವಾಗ ಹಾಸಿಗೆಯ ಕೆಳತುದಿಯಲ್ಲಿ ರಕ್ತದ ಕಲೆ ಕಾಣಿಸಿತು. ಎಡಗಾಲಿನ ಹಿಮ್ಮಡಿ ಹೊಸ್ತಿಲಿನ ಅಂಚಿಗೆ ಉಜ್ಜಿ ಚರ್ಮ ಸುಲಿದಿತ್ತು. ಸ್ಪರ್ಶ ತಿಳಿಯದ ಕಾಲಾದ್ದರಿಂದ ಅವರಿಗೆ ಅದು ಗೊತ್ತೇ ಆಗಿರಲಿಲ್ಲ.

ಬೆನ್ನುಹುರಿಗೆ ಪೆಟ್ಟಾದವರ ವಿಷಯದಲ್ಲಿ ಇಂತಹ ಗಾಯ ಸಣ್ಣದಲ್ಲ. ಒಮ್ಮೆ ಹುಣ್ಣಾದರೆ ಮಾಯಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಒಳಗೆ ಸೋಂಕು ಇಳಿದರೆ ಆಸ್ಪತ್ರೆ ಸೇರಬೇಕಾಗುತ್ತದೆ. ಓಡಾಡದ ಕಾಲಿನ ಮೂಳೆಗಳು ಕಾಲಕ್ರಮದಲ್ಲಿ ಸವೆದು ಬಲಹೀನವಾಗಿರುತ್ತವೆ. ಅಭ್ಯಾಸವಿಲ್ಲದವರು ಮೊಣಕಾಲ ಕೆಳಗೆ ಕೈಹಾಕಿ ಸೆಳೆದರೆ ಮುರಿಯಲೂಬಹುದು. ಇನ್ನು, ಮೂತ್ರಕೋಶದ ಮೇಲೆ ಹಿಡಿತವಿಲ್ಲದ ಕಾರಣ ಕೆಲವು ತಾಸುಗಳಿಗೊಮ್ಮೆ ಸ್ವಚ್ಛವಾದ ಕೊಳವೆ ಹಾಕಿ ಮೂತ್ರ ತೆಗೆಯಬೇಕು. ಅದಕ್ಕೆ ಬಚ್ಚಲು ಬೇಕು, ನೀರು ಬೇಕು, ಏಕಾಂತ ಬೇಕು. ಪ್ರತಿ ಸಲವೂ ಸ್ವಾಗತ ಕೋಣೆಗೆ ಫೋನ್ ಮಾಡಿ ಇಬ್ಬರು ಹುಡುಗರನ್ನು ಕರೆಸಬೇಕೇ? ರಾತ್ರಿ ಎರಡು ಗಂಟೆಗೂ? ವಯಸ್ಸಿಗೆ ಬಂದ ಮಗಳ ಎದುರಿಗೆ? ನಲವತ್ತು ದಾಟಿದ ಗಂಡಸು ಅಪರಿಚಿತರ ತೋಳುಗಳಲ್ಲಿ ಶೌಚಕ್ಕೆ ಹೋಗಿಬರುವುದನ್ನು ರಜೆ ಎಂದು ನಾನು ಹೇಗೆ ಕರೆಯಲಿ?

ಮರುದಿನ ಬೆಳಿಗ್ಗೆ ಸಾಮಾನು ಕಟ್ಟಿಕೊಂಡು ವಾಪಸ್ಸು ಬಂದೆವು. ಮಕ್ಕಳು ಒಂದು ಮಾತೂ ಆಡಲಿಲ್ಲ. ಅದು ನನಗೆ ಗಾಯಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಮಾಲೀಕರು ಕೇಳಬಹುದು, “ಬಾದಾಮಿಯ ಗುಹೆಗಳಿಗೇ ಮೆಟ್ಟಿಲಿದೆ, ಗೋಲ್ ಗುಂಬಜ್‌ಗೂ ಮೆಟ್ಟಿಲಿದೆ, ನಮ್ಮನ್ನು ಮಾತ್ರ ಏಕೆ ದೂರುತ್ತೀರಿ?” ಈ ಪ್ರಶ್ನೆಯನ್ನು ನನಗೆ ನಿಜವಾಗಿಯೂ ಕೇಳಿದ್ದಾರೆ. ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯ ದೊರೆ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ, ಕ್ರಿ.ಶ. 578ರಲ್ಲಿ, ಬಂಡೆ ಕಡಿಸಿ ಮಾಡಿಸಿದನು. ಮೊಹಮ್ಮದ್ ಆದಿಲ್ ಶಾಹನ ಗೋರಿಯಾದ ಗೋಲ್ ಗುಂಬಜ್ ಮುಗಿದದ್ದು 1656ರಲ್ಲಿ. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮಕ್ಕಳು ಪಿಸುಮಾತಿನ ಗ್ಯಾಲರಿಗೆ ಹೋಗುತ್ತಾರೆ, ಅಪ್ಪ ಕೆಳಗೆ ಉಳಿಯುತ್ತಾರೆ. ಆ ಕಲ್ಲಿನ ಮೆಟ್ಟಿಲನ್ನು ಒಡೆಯಿರಿ ಎಂದು ನಾವು ಯಾವತ್ತೂ ಕೇಳುವವರಲ್ಲ. ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ರಾಣಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಎದುರಿಗೆ, ಹುಲ್ಲುಹಾಸಿನ ನಡುವಿನ ದಾರಿಯಲ್ಲಿ ಕುರ್ಚಿ ನಿಲ್ಲಿಸಿಕೊಂಡು ನಮ್ಮ ಮನೆಯವರು ಎಷ್ಟು ಹೊತ್ತು ಬೇಕಾದರೂ ಕೂರಬಲ್ಲರು. ಆ ಗೋಪುರಗಳಲ್ಲಿ ಯಾವುದು ದ್ರಾವಿಡ, ಯಾವುದು ನಾಗರ ಎಂದು ಮಗಳಿಗೆ ಅಲ್ಲಿಂದಲೇ ಬೆರಳು ಮಾಡಿ ತೋರಿಸಬಲ್ಲರು. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಿಂದ ಬಂಡೆಗಳ ಮೇಲೆ ಸಂಜೆಯ ಬಿಸಿಲು ಬೀಳುವುದನ್ನು ನೋಡಿದರೂ ಅವರಿಗೆ ಹೊಟ್ಟೆ ತುಂಬುತ್ತದೆ. ಕೂಡಲಸಂಗಮದಲ್ಲಿ ಐಕ್ಯಮಂಟಪಕ್ಕೆ ಇಳಿಯಲಾಗದಿದ್ದರೆ ಕೃಷ್ಣೆ, ಮಲಪ್ರಭೆ ಕೂಡುವ ಕಡೆಗೆ ಮುಖ ಮಾಡಿ ಮೇಲಿನಿಂದಲೇ ನಮಸ್ಕರಿಸುತ್ತಾರೆ. ಚಾಲುಕ್ಯರ ಮೇಲೆ ನಮಗೆ ಯಾವ ದೂರೂ ಇಲ್ಲ. ನಿಮ್ಮ ಹೋಟೆಲ್ ಆರನೆಯ ಶತಮಾನದ್ದಲ್ಲ. ಅದರಲ್ಲಿ ಅನೇಕವು ಈ ಹತ್ತು, ಹದಿನೈದು ವರ್ಷಗಳಲ್ಲಿ ಎದ್ದವು. ನಕ್ಷೆ ಬರೆದವರೂ ಇದ್ದಾರೆ, ಅದಕ್ಕೆ ಮುದ್ರೆ ಒತ್ತಿದವರೂ ಇದ್ದಾರೆ.

ಆ ಮುದ್ರೆಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದನ್ನು ಅಧಿಕಾರಿಗಳಿಗೆ ನೆನಪಿಸುವ ಹಕ್ಕು ನಮಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರದ್ದು ಮಾತ್ರವಲ್ಲ, ಜನಸಾಮಾನ್ಯರು ಬಳಸುವ ಖಾಸಗಿ ಕಟ್ಟಡವೂ ಹೌದು, ವ್ಯಾಪಾರದ್ದೂ ವಿರಾಮದ್ದೂ ಸೇರಿ ಎಂದು ಅದರ ವ್ಯಾಖ್ಯೆಯಲ್ಲೇ ಇದೆ. ನಿಯಮಗಳಿಗೆ ಹೊಂದದ ನಕ್ಷೆಗೆ ಅನುಮತಿ ಕೊಡಬಾರದು ಎಂದು 44ನೆಯ ಕಲಮು ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು 45ನೆಯ ಕಲಮು ಐದು ವರ್ಷ ಕೊಟ್ಟಿತು, ಸೇವೆ ಒದಗಿಸುವ ಸರ್ಕಾರಿ, ಖಾಸಗಿ ಸಂಸ್ಥೆಗಳಿಗೆ 46ನೆಯದು ಎರಡು ವರ್ಷ ಕೊಟ್ಟಿತು. ಈ ವರ್ಷಗಳ ಲೆಕ್ಕ ನಿಯಮಗಳು ಪ್ರಕಟವಾದ ದಿನದಿಂದ, ಅವು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಎರಡೂ ಗಡುವು ಮುಗಿದು ಹೋಗಿವೆ. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ. ನಮ್ಮ ಭಾಗದ ಒಂದು ಲಾಡ್ಜಿಗಾದರೂ ಈ ಕಾರಣಕ್ಕೆ ನೋಟಿಸು ಹೋದ ಸುದ್ದಿಯನ್ನು ನಾನು ಓದಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಟ್ಟಡಗಳು ಹೇಗಿರಬೇಕೆಂಬ ಅಳತೆಗಳನ್ನು ಬರಿಯ ಸಲಹೆಯ ಮಟ್ಟದಲ್ಲಿ ಬಿಟ್ಟಿದ್ದು ಕಾಯ್ದೆಗೆ ವಿರುದ್ಧ, ಕಡ್ಡಾಯ ನಿಯಮಗಳನ್ನು ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಇಷ್ಟೆಲ್ಲ ಆದ ಮೇಲೂ “ನಮಗೆ ಗೊತ್ತಿರಲಿಲ್ಲ” ಎಂಬ ಉತ್ತರವನ್ನು ಪುರಸಭೆಯಿಂದಾಗಲಿ, ಮಹಾನಗರ ಪಾಲಿಕೆಯಿಂದಾಗಲಿ ನಾವು ಒಪ್ಪುವುದಿಲ್ಲ.

ಕಾನೂನಿನ ಮಾತು ಸಾಕು. ಮಾಲೀಕರೇ, ನಿಮ್ಮ ಹತ್ತಿರ ನಾನು ಇಂಚಿನ ಲೆಕ್ಕದಲ್ಲೇ ಮಾತಾಡುತ್ತೇನೆ, ಏಕೆಂದರೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಈ ವಿಷಯದ ನಕ್ಷೆಗಳು ಸದಾ ಹರಡಿಕೊಂಡಿರುತ್ತವೆ.

ವಯಸ್ಕರ ಗಾಲಿಕುರ್ಚಿ ಸಾಮಾನ್ಯವಾಗಿ ಇಪ್ಪತ್ತನಾಲ್ಕರಿಂದ ಇಪ್ಪತ್ತಾರು ಇಂಚು ಅಗಲ. ಚಕ್ರ ತಳ್ಳುವ ಕೈಗಳಿಗೆ ಎರಡೂ ಬದಿಯಲ್ಲಿ ಇನ್ನಷ್ಟು ಜಾಗ ಬೇಕು. ನಮ್ಮ ಕಡೆಯ ಗೌಂಡಿಗಳು ಬಚ್ಚಲಿಗೆ ಎರಡೂವರೆ ಅಡಿಯ ಬಾಗಿಲು ಕೂರಿಸುತ್ತಾರೆ, ಜಾಗ ಸಾಲದಿದ್ದರೆ ಎರಡಡಿಯದು. ಎರಡೂವರೆ ಅಡಿಯಲ್ಲಿ ಚೌಕಟ್ಟು ಹೋಗಿ, ತೆರೆದಾಗ ಅಡ್ಡ ನಿಲ್ಲುವ ಕದದ ದಪ್ಪ ಹೋಗಿ ಉಳಿಯುವುದು ಇಪ್ಪತ್ತಾರು ಇಂಚಿನ ಆಸುಪಾಸು. ಕೇಂದ್ರ ಸರ್ಕಾರದ ಮಾರ್ಗಸೂಚಿ ಕೇಳುವುದು 900 ಮಿಲಿಮೀಟರ್ ತೆರಪು, ಅಂದರೆ ಮೂರಡಿಗೆ ಅರ್ಧ ಇಂಚಷ್ಟೇ ಕಡಿಮೆ. ಮಲಗುವ ಕೋಣೆಗೆ ಮೂರೂವರೆ ಅಡಿಯ ಬಾಗಿಲು ಇಡುವವರು ಬಚ್ಚಲಿಗೂ ಅದನ್ನೇ ಇಟ್ಟರೆ ಕೆಲಸ ಮುಗಿಯಿತು. ಕಟ್ಟುವಾಗ ಇದಕ್ಕೆ ತಗಲುವ ಹೆಚ್ಚಿನ ಖರ್ಚು ಕದದ ವ್ಯತ್ಯಾಸವಷ್ಟೇ, ಅಷ್ಟು ಇಟ್ಟಿಗೆಯೂ ಉಳಿಯುತ್ತದೆ ಎನ್ನುತ್ತಾರೆ ನಮ್ಮ ಮನೆಯವರು. ಕಟ್ಟಿ ಮುಗಿದಿದ್ದರೆ ಚೌಕಟ್ಟು ಕಿತ್ತು ಗೋಡೆ ಒಡೆದು ಮತ್ತೆ ಕೂರಿಸಬೇಕು, ನಿಜ. ಆದರೆ ಎಲ್ಲ ಕೊಠಡಿಗಳನ್ನೂ ಒಡೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಮೆಟ್ಟಿಲಿಲ್ಲದೆ ತಲುಪಬಹುದಾದ ಒಂದು ಕೊಠಡಿಯಿಂದ ಶುರು ಮಾಡಿ. ಬಾಗಿಲು ಹೊರಕ್ಕೆ ತೆರೆಯಲಿ, ಇಲ್ಲವೇ ಗೋಡೆಯುದ್ದಕ್ಕೆ ಜಾರಲಿ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಕುಸಿದು ಬಿದ್ದರೆ ಹೊರಗಿನಿಂದ ತೆರೆಯಲಾಗುವುದಿಲ್ಲ. ಇದು ಗಾಲಿಕುರ್ಚಿಯವರಿಗಷ್ಟೇ ಅಲ್ಲ, ಎಲ್ಲ ವಯಸ್ಸಾದವರಿಗೂ ಅಪಾಯ.

ಹೊಸ್ತಿಲಿನ ಬಗ್ಗೆ ಎಲ್ಲರೂ ಹೇಳುವುದು, “ನೀರು ಕೋಣೆಗೆ ಬರಬಾರದಲ್ಲ” ಎಂದು. ನೀರು ತಡೆಯಬೇಕಾದದ್ದು ನೆಲದ ಇಳಿಜಾರು. ನೆಲವನ್ನು ಮೂಲೆಯ ಜಾಲರಿಯ ಕಡೆಗೆ ಸರಿಯಾಗಿ ಬಾಗಿಸಿ, ಬಾಗಿಲಿನ ಉದ್ದಕ್ಕೂ ಕಿರಿದಾದ ಜಾಲರಿ ಮೋರಿ ಹಾಕಿದರೆ ಅರ್ಧ ಇಂಚಿನ ಅಂತರ ಸಾಕು. ಕಮೋಡಿನ ಒಂದು ಪಕ್ಕದಲ್ಲಿ ಕುರ್ಚಿ ನಿಲ್ಲುವಷ್ಟು, ಅಂದರೆ ಮೂರಡಿ ಜಾಗ ಖಾಲಿ ಬಿಡಿ. ಈಗ ಅಲ್ಲಿ ಸಾಮಾನ್ಯವಾಗಿ ಬಕೆಟ್ಟು, ಕಸದ ಡಬ್ಬಿ, ವಾಶ್ ಬೇಸಿನ್ನಿನ ಕಟ್ಟೆ ಇರುತ್ತವೆ. ಗೋಡೆಗೆ ಸ್ಟೀಲಿನ ಹಿಡಿಕೆ ಬಿಗಿಸಿ, ಆದರೆ ಟವೆಲ್ ನೇತುಹಾಕುವ ಕಂಬಿಯನ್ನು ಹಿಡಿಕೆ ಎನ್ನಬೇಡಿ. ಇಡೀ ಮೈಭಾರ ಬಿದ್ದ ಕ್ಷಣ ಅದು ಟೈಲ್ಸ್ ಸಮೇತ ಕಿತ್ತು ಬರುತ್ತದೆ. ಕುರ್ಚಿ ಪೂರ್ತಿ ತಿರುಗಲು ಐದಡಿ ಸುತ್ತಳತೆಯಲ್ಲ, ಐದಡಿ ವ್ಯಾಸದ ಬಯಲು ಬೇಕು. ಅಷ್ಟು ಇಲ್ಲದಿದ್ದರೆ ನೇರವಾಗಿ ಒಳಗೆ ಹೋಗಿ ಹಿಂದಕ್ಕೆ ಬರುವಂತಾದರೂ ಇರಲಿ, ನಾವು ನಿಭಾಯಿಸುತ್ತೇವೆ.

ಮಂಚದ ಎತ್ತರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಲಿಕುರ್ಚಿಯ ಆಸನ ಹದಿನೆಂಟರಿಂದ ಇಪ್ಪತ್ತು ಇಂಚು ಎತ್ತರವಿರುತ್ತದೆ. ಈಗಿನ ಹೋಟೆಲುಗಳಲ್ಲಿ ಪೆಟ್ಟಿಗೆಯಂತಹ ಮಂಚದ ಮೇಲೆ ದಪ್ಪ ಹಾಸಿಗೆ, ಅದರ ಮೇಲೆ ಇನ್ನೊಂದು ಹಾಸು ಸೇರಿ ಹಾಸಿಗೆಯ ಮಟ್ಟ ಸೊಂಟಕ್ಕೇರಿರುತ್ತದೆ. ತೋಳಿನ ಬಲದಿಂದ ಮೈಯನ್ನು ಎತ್ತಿ ಸಾಗಿಸಿಕೊಳ್ಳುವವರಿಗೆ ಅದು ಗೋಡೆ ಹತ್ತಿದ ಹಾಗೆ. ದಪ್ಪ ಹಾಸಿಗೆ ತೆಗೆದು ತೆಳುವಾದದ್ದು ಹಾಕಿಕೊಡಿ ಎಂದು ಕೇಳಿದರೆ ಅನೇಕರು ಕೂಡಲೇ ಮಾಡಿಕೊಡುತ್ತಾರೆ. ಅವರಿಗೆ ಹೊಳೆದಿರುವುದಿಲ್ಲ, ಅಷ್ಟೇ.

ಮುಂಬಾಗಿಲ ರ‍್ಯಾಂಪ್ ಬಗ್ಗೆ ಇಷ್ಟು ಹೇಳಿದರೆ ಸಾಕು: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡಡಿ ಕಟ್ಟೆಗೆ ಇಪ್ಪತ್ತನಾಲ್ಕು ಅಡಿ. ಸ್ಕೂಟರ್ ಹತ್ತಿಸಲು ಹಾಕಿದ ಕಡಿದಾದ ಸಿಮೆಂಟಿನ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಕುಟುಂಬ ಎಂಬ ಮಾತನ್ನೂ ಮರೆಯಬೇಡಿ. ಅಪರೂಪಕ್ಕೆ ಎಲ್ಲಾದರೂ ಅನುಕೂಲವಾದ ಕೊಠಡಿ ಇದ್ದರೆ ಅದು ಒಂದು ತುದಿಯಲ್ಲಿ, ಒಬ್ಬರೋ ಇಬ್ಬರೋ ಮಲಗುವಷ್ಟರದ್ದಾಗಿರುತ್ತದೆ. ಮಕ್ಕಳಿಗೂ ಅತ್ತೆಗೂ ಮೂರನೆಯ ಮಹಡಿ. ಊಟದ ಹಾಲ್ ನೆಲಮಾಳಿಗೆಯಲ್ಲಿ. ಆಗ ನಾವು ಅಲ್ಲಿ ಉಣ್ಣುತ್ತೇವೆ, ನಮ್ಮ ಮನೆಯವರು ಕೊಠಡಿಯಲ್ಲಿ ತಟ್ಟೆ ತರಿಸಿಕೊಳ್ಳುತ್ತಾರೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲವೂ ಅದೇ ಅಡುಗೆಮನೆಯಿಂದ ಬರುತ್ತವೆ, ಆದರೆ ನಾವು ದುಡ್ಡು ಕೊಟ್ಟು ಅಷ್ಟು ದೂರ ಹೋಗಿದ್ದು ಒಟ್ಟಿಗೆ ಕೂತು ಉಣ್ಣಲಿಕ್ಕೆ. ಅನುಕೂಲದ ಕೊಠಡಿಯ ಪಕ್ಕದ ಕೊಠಡಿಯನ್ನೂ ಅದೇ ಕುಟುಂಬಕ್ಕೆ ಕೊಡಿ. ನೆಲಮಹಡಿಯಲ್ಲಿ ಒಂದು ಮೇಜನ್ನಾದರೂ ಹಾಕಿಸಿ.

ತಾರಾ ದರ್ಜೆ ಪಡೆಯುವ ಹೋಟೆಲುಗಳಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾರ್ಗಸೂಚಿ ವಿಕಲಚೇತನ ಅತಿಥಿಗಳ ಕೊಠಡಿಯ ಬಗ್ಗೆ ಹೇಳುತ್ತದೆ, ಬಾಗಿಲು ಒಂದು ಮೀಟರ್ ಅಗಲ ಇರಬೇಕು ಎಂಬವರೆಗೆ. ಆದರೆ ನಮ್ಮಂತಹ ಮಧ್ಯಮ ವರ್ಗದವರು ಇಳಿಯುವ ಲಾಡ್ಜ್‌ಗಳಿಗೂ ಯಾತ್ರಿ ನಿವಾಸಗಳಿಗೂ ತಾರೆಗಳ ಗೊಡವೆಯೇ ಇಲ್ಲ. ಅಲ್ಲಿ ಅಳೆಯುವವರು ಬೇಕು. ಅದಕ್ಕೇ ಈ ಪತ್ರದಲ್ಲಿ ನಾನು ಎಲ್ಲಕ್ಕಿಂತ ಮೊದಲು ಬೇಡುತ್ತಿರುವುದು ದುರಸ್ತಿಯನ್ನಲ್ಲ, ನಿಜವಾದ ಅಳತೆಯನ್ನು.

ಇದನ್ನು ನನಗೆ ತೋರಿಸಿಕೊಟ್ಟವನು ವಿಜಯಪುರದ ಒಂದು ಸಾಧಾರಣ ಲಾಡ್ಜಿನಲ್ಲಿ ರಾತ್ರಿ ಪಾಳಿಯಲ್ಲಿದ್ದ ಹುಡುಗ. ಬಾಗಿಲಿನ ಅಗಲ ಕೇಳಿದಾಗ ಅವನು “ಎತ್ತುತ್ತೇವೆ” ಎನ್ನಲಿಲ್ಲ. “ಗೊತ್ತಿಲ್ಲ ಅಕ್ಕಾ, ನೋಡಿ ಹೇಳುತ್ತೇನೆ” ಎಂದ. ಸ್ವಲ್ಪ ಹೊತ್ತಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೊಗಳು ಬಂದವು. ದರ್ಜಿಯ ಟೇಪನ್ನು ಎಲ್ಲಿಂದಲೋ ತಂದು, ಚೌಕಟ್ಟಿನ ಒಂದು ಬದಿಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬದಿಯವರೆಗೆ ಎಳೆದಿದ್ದ. ಇಪ್ಪತ್ತೆರಡೂವರೆ ಇಂಚು. ಹೊಸ್ತಿಲಿನ ಪಕ್ಕದಲ್ಲಿ ಟೇಪನ್ನು ನಿಲ್ಲಿಸಿ ಇನ್ನೊಂದು ಫೋಟೊ, ಕಮೋಡಿನಿಂದ ಗೋಡೆಗೆ ಮತ್ತೊಂದು. ಕೆಳಗೆ ಬರೆದಿದ್ದ, “ನಿಮಗೆ ಆಗುವುದಿಲ್ಲ ಅನಿಸುತ್ತದೆ ಅಕ್ಕಾ, ಬೇಜಾರಾಗಬೇಡಿ.” ನನಗೆ ಬೇಜಾರಾಗಲಿಲ್ಲ. ಆ ರಾತ್ರಿ ನಾನು ನೆಮ್ಮದಿಯಿಂದ ಮಲಗಿದೆ. ದಾರಿ ಸವೆಸಿ ಹೋಗಿ, ಬಾಗಿಲಲ್ಲಿ ನಿಂತು, ಮಕ್ಕಳ ಮುಖ ನೋಡುವ ಸಂಕಟವನ್ನು ಅವನು ತಪ್ಪಿಸಿದ್ದ. ಅವನ ಮಾಲೀಕರು ಇದನ್ನು ಓದುತ್ತಿದ್ದರೆ, ಅಂತಹ ಹುಡುಗನನ್ನು ಕಳೆದುಕೊಳ್ಳಬೇಡಿ.

ಅವನು ಮಾಡಿದ್ದನ್ನು ಸರ್ಕಾರ ಏಕೆ ಮಾಡಬಾರದು? ಜಿಲ್ಲಾಧಿಕಾರಿಗಳೇ, ಹೋಟೆಲುಗಳು ಸ್ಥಳೀಯ ಸಂಸ್ಥೆಗಳಲ್ಲಿ ಉದ್ದಿಮೆ ಪರವಾನಗಿ ನವೀಕರಿಸಿಕೊಳ್ಳುತ್ತವೆ. ಆ ಅರ್ಜಿಗೆ ಒಂದು ಪುಟ ಸೇರಿಸಿ. ರಸ್ತೆಯಿಂದ ಒಳಬಾಗಿಲಿಗೆ ಎಷ್ಟು ಎತ್ತರ, ರ‍್ಯಾಂಪ್ ಇದ್ದರೆ ಎಷ್ಟು ಉದ್ದ, ಲಿಫ್ಟಿಗೆ ಮುಂಚೆ ಮೆಟ್ಟಿಲಿದೆಯೇ, ಲಿಫ್ಟ್, ಕೊಠಡಿ, ಬಚ್ಚಲು ಈ ಮೂರರ ಬಾಗಿಲ ತೆರಪು ಎಷ್ಟು, ಹೊಸ್ತಿಲು ಎಷ್ಟು, ಕಮೋಡಿನ ಪಕ್ಕದಲ್ಲಿ ಎಷ್ಟು ಜಾಗ, ಮಂಚ ಎಷ್ಟು ಎತ್ತರ. ಜೊತೆಗೆ ಟೇಪು ಹಿಡಿದ ಫೋಟೊ. ಇದ್ದದ್ದನ್ನು ಇದ್ದ ಹಾಗೆ ತುಂಬಿದರೆ ಸಾಕು, ಈಗಲೇ ಯಾರಿಗೂ ದಂಡ ಹಾಕಬೇಡಿ. ಆ ಪುಟವನ್ನು ಜಿಲ್ಲೆಯ ಜಾಲತಾಣದಲ್ಲಿ ಹಾಕಿ.

ತುಂಬಿದ್ದನ್ನು ಪರಿಶೀಲಿಸಲು ಸಿಬ್ಬಂದಿ ಇಲ್ಲ ಎಂಬ ಉತ್ತರ ಬರಬಹುದು. ನಮ್ಮ ರಾಜ್ಯದಲ್ಲಿ ಆ ಜನ ಈಗಾಗಲೇ ಇದ್ದಾರೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಡಿ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಗೌರವಧನಕ್ಕೆ ದುಡಿಯುತ್ತಿದ್ದಾರೆ. ಅವರೂ ವಿಕಲಚೇತನರೇ. ಮೆಟ್ಟಿಲೊಂದು ಎಷ್ಟು ಎತ್ತರವಿದ್ದರೆ ಎಷ್ಟು ಕಷ್ಟ ಎಂದು ಅವರಿಗೆ ಯಾರೂ ತರಬೇತಿ ಕೊಡಬೇಕಾಗಿಲ್ಲ. ಬಾದಾಮಿ ತಾಲ್ಲೂಕಿನ ಕಾರ್ಯಕರ್ತರಿಗೆ ಒಂದು ಆದೇಶ, ಒಂದು ಟೇಪು, ಓಡಾಟದ ಭತ್ಯೆ, ಈ ಕೆಲಸಕ್ಕೆ ಹೆಚ್ಚುವರಿ ಗೌರವಧನ ಕೊಡಿ. ಭತ್ಯೆ, ಗೌರವಧನದ ಮಾತನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಅವರ ಮೇಲೆ ಬಿಟ್ಟಿ ಹೊರೆ ಹೊರಿಸುವುದು ನನಗೆ ಬೇಡ.

ಸಚಿವರೇ, ನಿಮ್ಮ ಕೈಯಲ್ಲಿ ಇದಕ್ಕಿಂತ ಬಲವಾದ ಉಪಾಯವಿದೆ. ಚಳಿಗಾಲದ ಅಧಿವೇಶನಕ್ಕೆ ನೀವೆಲ್ಲರೂ ನಮ್ಮ ಬೆಳಗಾವಿಗೆ ಬರುತ್ತೀರಿ. ಸುವರ್ಣ ವಿಧಾನಸೌಧ ಉದ್ಘಾಟನೆಯಾದ 2012ರಿಂದ ಊರಿನವರು ಇದನ್ನು ನೋಡುತ್ತಿದ್ದೇವೆ: ಆ ದಿನಗಳಲ್ಲಿ ಶಾಸಕರಿಗೆ, ಅಧಿಕಾರಿಗಳಿಗೆ, ಪೊಲೀಸರಿಗೆ ಎಂದು ಊರಿನ ಹೋಟೆಲುಗಳ ಕೊಠಡಿಗಳನ್ನು ಸರ್ಕಾರವೇ ಕಾಯ್ದಿರಿಸುತ್ತದೆ. ಬೆಳಗಾವಿಯ ಹೋಟೆಲ್ ಮಾಲೀಕರಿಗೆ ಸರ್ಕಾರದಷ್ಟು ದೊಡ್ಡ ಗಿರಾಕಿ ಮತ್ತೊಬ್ಬರಿಲ್ಲ. ಗಾಲಿಕುರ್ಚಿಗೆ ಅನುಕೂಲವಾದ ಕೊಠಡಿ ಒಂದೂ ಇಲ್ಲದ, ಅಳತೆಯ ಪುಟ ತುಂಬದ ಹೋಟೆಲಿನಲ್ಲಿ ಸರ್ಕಾರ ಕೊಠಡಿ ಕಾಯ್ದಿರಿಸುವುದಿಲ್ಲ ಎಂದು ಒಂದು ವರ್ಷ ಮುಂಚಿತವಾಗಿ ಸುತ್ತೋಲೆ ಹೊರಡಿಸಿ. ಹೊಸ ಕಾಯ್ದೆ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಬೆಳಗಾವಿಯಲ್ಲಿ ಬಾಗಿಲುಗಳು ಅಗಲವಾಗುವುದನ್ನು ನೋಡಿ ಉಳಿದ ಊರುಗಳೂ ಕಲಿಯುತ್ತವೆ. ನಿಮ್ಮ ಇಲಾಖೆಯ ಅಭಿವೃದ್ಧಿ ನಿಗಮ ರಾಜ್ಯದ ಉದ್ದಗಲಕ್ಕೂ ನಡೆಸುವ ಮಯೂರ ಹೋಟೆಲುಗಳಲ್ಲಿ ಪ್ರತಿಯೊಂದರ ಅಳತೆಯನ್ನೂ ಮೊದಲು ಪ್ರಕಟಿಸಿ. ಖಾಸಗಿಯವರನ್ನು ಕೇಳುವ ನೈತಿಕ ಬಲ ನಿಮಗೆ ಅಲ್ಲಿಂದ ಬರುತ್ತದೆ.

ಎಷ್ಟು ಜನ ಬರುತ್ತಾರೆ, ಖಾಲಿ ಬಿದ್ದಿರುತ್ತದೆ ಎಂದು ಮಾಲೀಕರು ಹೇಳುವುದನ್ನು ಕೇಳಿದ್ದೇನೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರು 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಲ್ಲರೂ ಗಾಲಿಕುರ್ಚಿ ಬಳಸುವವರಲ್ಲ, ಸರಿ. ಆದರೆ ಮೊಣಕಾಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಜ್ಜಿ, ಪಾರ್ಶ್ವವಾಯು ಬಡಿದ ಚಿಕ್ಕಪ್ಪ, ದಿನ ತುಂಬಿದ ಗರ್ಭಿಣಿ, ಇವರಿಗೆ ಅಗಲದ ಬಾಗಿಲೂ ಗೋಡೆಯ ಹಿಡಿಕೆಯೂ ಬೇಡವೇ? ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಕಾಲು ಗಟ್ಟಿಯಾಗಿಯೇ ಇದ್ದರೂ ಹಿಡಿಕೆ ಇರುವ ಬಚ್ಚಲು ಸಿಕ್ಕರೆ ಮೊದಲು ಸಮಾಧಾನ ಪಡುವವರು ಅವರೇ. ಮತ್ತು ಒಬ್ಬರು ಗಾಲಿಕುರ್ಚಿಯಲ್ಲಿ ಬಂದರೆ ಜೊತೆಗೆ ನಾಲ್ಕು ಜನ ಬರುತ್ತೇವೆ, ಎರಡು ಕೊಠಡಿ ಹಿಡಿಯುತ್ತೇವೆ. ಒಮ್ಮೆ ಸರಿಯಾದ ಜಾಗ ಸಿಕ್ಕರೆ ಬೇರೆಡೆ ಹುಡುಕುವ ಧೈರ್ಯ ನಮಗಿರುವುದಿಲ್ಲ, ಪ್ರತಿ ಸಲವೂ ಅಲ್ಲಿಗೇ ಬರುತ್ತೇವೆ. ಇಂತಹ ಕಾಯಂ ಗಿರಾಕಿಗಳನ್ನು ನೀವು ಸದ್ಯ ಗೋವಾಕ್ಕೋ ಬೆಂಗಳೂರಿಗೋ ಕಳಿಸುತ್ತಿದ್ದೀರಿ.

ನಮಗೆ ಗೋವಾ ಬೇಡ. ಮಗಳ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇಮ್ಮಡಿ ಪುಲಕೇಶಿ ಇದ್ದಾನೆ, ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಕೆತ್ತಿಸಿದ ಶಾಸನವಿದೆ. ಅದನ್ನು ಅಪ್ಪನ ಬಾಯಿಂದ, ಆ ಊರಿನಲ್ಲೇ ಕೇಳಬೇಕು ಎಂಬುದು ಅವಳ ಹಟ. ಅತ್ತೆಗೆ ಬನದ ಹುಣ್ಣಿಮೆಯ ಸಮಯಕ್ಕೆ ಬನಶಂಕರಿಯ ಜಾತ್ರೆಗೆ ಹೋಗಬೇಕು, ತೇರು ನೋಡಬೇಕು, ಗುಡಿಯ ಹೊರಗೆ ಬುಟ್ಟಿ ಹೊತ್ತು ಬರುವ ಹೆಂಗಸರಿಂದ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಕೊಂಡು ಮರದ ನೆರಳಿನಲ್ಲಿ ಕೂತು ಉಣ್ಣಬೇಕು. ಜಾತ್ರೆಯ ದಿನಗಳಲ್ಲಿ ಬಾದಾಮಿಯಲ್ಲಿ ಕೊಠಡಿ ಸಿಗುವುದು ಎಲ್ಲರಿಗೂ ಕಷ್ಟ ಎಂದು ಗೊತ್ತಿರುವುದರಿಂದ ಈಗಲೇ ಹುಡುಕಲು ತೊಡಗಿದ್ದೇನೆ.

ಬಾದಾಮಿ, ಬನಶಂಕರಿ, ಗುಳೇದಗುಡ್ಡ, ಬಾಗಲಕೋಟೆಯ ನವನಗರ, ಎಲ್ಲಾದರೂ ಸರಿ. ಮೆಟ್ಟಿಲಿಲ್ಲದ ದಾರಿಯಿರುವ ಒಂದು ಕೊಠಡಿ, ಅದರ ಬಚ್ಚಲಿಗೆ ಕನಿಷ್ಠ ಮೂವತ್ತೆರಡು ಇಂಚು ತೆರಪಿನ ಬಾಗಿಲು, ಕಮೋಡಿನ ಪಕ್ಕದಲ್ಲಿ ಒಂದು ಗಟ್ಟಿ ಹಿಡಿಕೆ, ಪಕ್ಕದಲ್ಲೇ ಇನ್ನೊಂದು ಸಾಮಾನ್ಯ ಕೊಠಡಿ. ಹಾಸಿಗೆಯ ಎತ್ತರ ಹೆಚ್ಚಾದರೆ ತೆಳು ಹಾಸಿಗೆ ನಾವೇ ತರುತ್ತೇವೆ. ಬಾಗಿಲು ಈಗ ಕಿರಿದಾಗಿದ್ದು, ಜಾತ್ರೆಯೊಳಗೆ ಬದಲಿಸಲು ನೀವು ಸಿದ್ಧರಿದ್ದರೆ, ನಮ್ಮ ಮನೆಯವರು ನಕ್ಷೆ ಬರೆದುಕೊಡುತ್ತಾರೆ, ಅದಕ್ಕೆ ಹಣ ಬೇಡ. ಈ ಪತ್ರ ಪ್ರಕಟಿಸಿದವರ ಮೂಲಕ ಟೇಪು ಹಿಡಿದ ಒಂದು ಫೋಟೊ ಕಳಿಸಿ. ಅಳತೆ ಸರಿ ಕಂಡ ದಿನವೇ ಎರಡೂ ಕೊಠಡಿಗಳಿಗೆ ಮುಂಗಡ ಕಳಿಸುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ಶಿಕ್ಷಕಿ
ಟಿಳಕವಾಡಿ, ಬೆಳಗಾವಿ